ಬಣ್ಣಕ್ಕಾಗಿ ಮಣ್ಣುಹಾವಿನ ಮರಿ ಮಾಡಿಸುವ ಗೆಳೆಯರಿಗೆ

ಸರಸ್ವತಿಪುರಂ, ಮೈಸೂರು



ಮೈಸೂರಿನ ಮನೆಗಳಲ್ಲಿ, ಪಿಜಿ ಕೋಣೆಗಳಲ್ಲಿ ಸ್ಯಾಂಡ್ ಬೋವಾ, ಅಂದರೆ ಮಣ್ಣುಹಾವು ಸಾಕುತ್ತಿರುವ, ಸಾಕಬೇಕೆಂದು ದುಡ್ಡು ಕೂಡಿಡುತ್ತಿರುವ, ಗಂಡು ಹೆಣ್ಣು ಜೋಡಿ ಮಾಡಿ ಹೊಸ ಬಣ್ಣದ ಮರಿ ಪಡೆಯುವ ಆಸೆ ಇಟ್ಟುಕೊಂಡಿರುವ ನಿಮ್ಮೆಲ್ಲರಿಗೂ ಈ ಪತ್ರ. ನಿಮ್ಮಲ್ಲಿ ಕೆಲವರನ್ನು ನಾನು ಬಲ್ಲೆ. ಕೆಲವರು ನನ್ನ ಬಳಿ ಜೀವಶಾಸ್ತ್ರ ಕಲಿತವರು. ಹೆಸರು ಹಿಡಿದು ಬರೆಯುತ್ತಿಲ್ಲ, ಬೈಯುವುದಕ್ಕೂ ಕೂತಿಲ್ಲ. ಹಾವು ಅಂದರೆ ದೊಣ್ಣೆ ಹುಡುಕುವ ಜನರ ನಡುವೆ, ಅದರ ಮೈಯ ಹುರುಪೆಗಳನ್ನು ಹತ್ತಿರದಿಂದ ನೋಡುವಷ್ಟು ತಾಳ್ಮೆಯಿರುವ ಹುಡುಗ ಹುಡುಗಿಯರು ನಮ್ಮ ಬಡಾವಣೆಯಲ್ಲೇ ಇದ್ದಾರೆ ಅನ್ನುವುದು ನನಗೆ ನಿಜಕ್ಕೂ ಖುಷಿಯ ಸಂಗತಿ. ಆದರೂ ಒಂದು ಮಾತನ್ನು ನೇರವಾಗಿ ಹೇಳಲೇಬೇಕು: ಬಣ್ಣಕ್ಕಾಗಿ ಹಾವಿನ ಮರಿ ಮಾಡಿಸುವ ಕೆಲಸವನ್ನು ದಯವಿಟ್ಟು ಕೈಬಿಡಿ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಒಪ್ಪಿಗೆಯಾಗದಿದ್ದರೆ ಮನೆಗೇ ಬಂದು ವಾದ ಮಾಡಿ, ಆದರೆ ಪೂರ್ತಿ ಓದಿ ಬನ್ನಿ.

ಮೊದಲು ಯಾವ ಹಾವಿನ ಮಾತು ಅನ್ನುವುದು ಸ್ಪಷ್ಟವಾಗಲಿ. ನಮ್ಮ ನಾಡಿನ ಮಣ್ಣುಹಾವುಗಳು ಮೂರು. ಎಲ್ಲರಿಗೂ ಗೊತ್ತಿರುವುದು ಮಣ್ಣುಮುಕ್ಕ, ಹಳ್ಳಿಯವರ ಬಾಯಲ್ಲಿ ಎರಡು ತಲೆ ಹಾವು. ಅದರ ವೈಜ್ಞಾನಿಕ ಹೆಸರು ಎರಿಕ್ಸ್ ಜಾನಿಯೈ. ತರಂಗಂಬಾಡಿಯಲ್ಲಿದ್ದ ಕ್ರಿಸ್ಟೋಫ್ ಸ್ಯಾಮ್ಯುಯೆಲ್ ಜಾನ್ ಎಂಬ ಪಾದ್ರಿಯ ಹೆಸರನ್ನು ಪ್ಯಾಟ್ರಿಕ್ ರಸೆಲ್ 1801ರಲ್ಲಿ ಇದಕ್ಕೆ ಇಟ್ಟರು. ಎರಡನೆಯದು ಒರಟು ಹುರುಪೆಯ ಮಣ್ಣುಹಾವು. ಮೈಮೇಲಿನ ಕಂದು ಮಚ್ಚೆಗಳಿಂದಾಗಿ ಕೊಳಕುಮಂಡಲದ ಮರಿ ಅಂದುಕೊಂಡು ಜನ ಹೊಡೆದು ಸಾಯಿಸುವುದು ಇದನ್ನೇ. ಮೂರನೆಯದು ಪಶ್ಚಿಮ ಕರಾವಳಿಯ ಕಡೆಯದು. ಇಂದ್ರನೀಲ್ ದಾಸ್ 1991ರಲ್ಲಿ ಅದನ್ನು ಬೇರೆ ಜಾತಿಯೆಂದು ಗುರುತಿಸಿ ಉರಗತಜ್ಞ ರಾಮುಲಸ್ ವಿಟೇಕರ್ ಅವರ ಹೆಸರಿಟ್ಟರು. ಮೂರಕ್ಕೂ ವಿಷವಿಲ್ಲ. ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿಯುವುದು, ಮನೆಯಲ್ಲಿಡುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. ಹೊಲದಲ್ಲಿ ಸಿಕ್ಕಿತು, ತಂದು ಸಾಕಿದೆ ಅನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ. ಇವುಗಳಲ್ಲಿ ಒಂದು ನಿಮ್ಮ ಮನೆಯಲ್ಲಿದ್ದರೆ ಮುಂದಿನದನ್ನು ಆಮೇಲೆ ಓದಿ, ಮೊದಲು ಅರಣ್ಯ ಇಲಾಖೆಗೆ ಒಪ್ಪಿಸಿ.

ನಿಮ್ಮಲ್ಲಿ ಹೆಚ್ಚಿನವರು ಮಾತಾಡುವುದು ನಾಲ್ಕನೆಯದರ ಬಗ್ಗೆ ಎಂದು ನನಗೆ ಗೊತ್ತು. ಕೀನ್ಯಾ ಸ್ಯಾಂಡ್ ಬೋವಾ, ಅಂದರೆ ಎರಿಕ್ಸ್ ಕೊಲುಬ್ರಿನಸ್. ಆಫ್ರಿಕಾದ ಒಣನೆಲದ ಹಾವು. ಕಿತ್ತಳೆ ಮೈ, ಅದರ ಮೇಲೆ ಗಾಢ ಕಂದು ಪಟ್ಟೆ. ಹೆಣ್ಣು ಎರಡೂವರೆ ಅಡಿಯವರೆಗೆ ಬೆಳೆದೀತು, ಗಂಡು ಅದರ ಅರ್ಧದಷ್ಟೇ. ಮೊಟ್ಟೆ ಇಡುವುದಿಲ್ಲ, ನಮ್ಮ ಮಣ್ಣುಮುಕ್ಕನ ಹಾಗೆ ಮರಿಯನ್ನೇ ಹಾಕುತ್ತದೆ. ಚಿಕ್ಕದು, ಸಾಧು, ಕಡಿಮೆ ಜಾಗದಲ್ಲಿ ಇರುತ್ತದೆ, ವಾರಕ್ಕೋ ಹತ್ತು ದಿನಕ್ಕೋ ಒಂದು ಇಲಿ ಕೊಟ್ಟರೆ ಸಾಕು. ಹೀಗಾಗಿಯೇ ಜಗತ್ತಿನಲ್ಲೆಲ್ಲ ಮನೆಯಲ್ಲಿ ಸಾಕುವ ಹಾವುಗಳ ಪಟ್ಟಿಗೆ ಸೇರಿತು. ಸಾಕಿದವರು ಅದರಲ್ಲಿ ಬಣ್ಣ ಹುಡುಕತೊಡಗಿದರು. ಕಪ್ಪು ವರ್ಣವಿಲ್ಲದ ಆಲ್ಬಿನೊ, ಕೆಂಪು ಕಿತ್ತಳೆ ಇಲ್ಲದೆ ಬರೀ ಕಪ್ಪು ಬಿಳುಪಿನ ಅನೆರಿ, ಎರಡೂ ಇಲ್ಲದ ಸ್ನೋ. ಪಟ್ಟೆ ಉದ್ದಕ್ಕೆ ಹರಿದದ್ದಕ್ಕೆ ಒಂದು ಹೆಸರು, ಕಿತ್ತಳೆ ಹೆಚ್ಚಾದದ್ದಕ್ಕೆ ಇನ್ನೊಂದು. ಇವನ್ನೆಲ್ಲ ನೀವು ಮಾರ್ಫ್ ಎನ್ನುತ್ತೀರಿ. ಮಾರ್ಫ್ ಬದಲಾದ ಹಾಗೆ ಬೆಲೆಯೂ ಬದಲಾಗುತ್ತದೆ.

ಇದರ ಹಿಂದಿರುವ ತಳಿಶಾಸ್ತ್ರವನ್ನು ನಿಮಗೆ ಪಾಠ ಹೇಳಬೇಕಾಗಿಲ್ಲ. ಪರೀಕ್ಷೆಯಲ್ಲಿ ಬಟಾಣಿ ಗಿಡದ ಚೌಕಳಿ ಬರೆಯಲು ಬೇಸರಪಡುತ್ತಿದ್ದ ಹುಡುಗನೊಬ್ಬ ಈಗ ಹಾವಿನ ಚೌಕಳಿಯನ್ನು ಬಾಯಲ್ಲೇ ಹೇಳುತ್ತಾನೆ. ಆ ಚೌಕಳಿಯನ್ನೇ ನಿಮ್ಮ ಮುಂದೆ ಇನ್ನೊಮ್ಮೆ ಇಡುತ್ತೇನೆ, ಯಾಕೆಂದರೆ ನೀವು ಅದರ ಒಂದು ಮೂಲೆಯನ್ನು ಮಾತ್ರ ನೋಡುತ್ತಿದ್ದೀರಿ.

ಆಲ್ಬಿನೊ, ಅನೆರಿ ಎರಡೂ ಅಪ್ರಬಲ ಗುಣಗಳು. ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಮರಿಯ ಮೈಮೇಲೆ ಕಾಣುತ್ತವೆ. ಎರಡೂ ಗುಣಗಳನ್ನು ಒಳಗೆ ಹೊತ್ತು ಹೊರಗೆ ಮಾಮೂಲಿಯಾಗಿ ಕಾಣುವ ಜೋಡಿಯನ್ನು ಕೂಡಿಸಿದಿರಿ ಅನ್ನಿ. ಲೆಕ್ಕದ ಪ್ರಕಾರ 16 ಮರಿಗಳಲ್ಲಿ 9 ಮಾಮೂಲಿ ಬಣ್ಣದವು, 3 ಆಲ್ಬಿನೊ, 3 ಅನೆರಿ, 1 ಸ್ನೋ. ಹೆಣ್ಣು ಒಂದು ಸಲಕ್ಕೆ ಹಾಕುವುದು ನಾಲ್ಕರಿಂದ ಹೆಚ್ಚೆಂದರೆ ಇಪ್ಪತ್ತು ಮರಿ. ಬಸಿರು ನಾಲ್ಕರಿಂದ ಆರು ತಿಂಗಳು. ಅಷ್ಟು ಕಾದ ಮೇಲೂ ಸ್ನೋ ಒಂದೂ ಹುಟ್ಟದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಆಗ ಏನು ಮಾಡುತ್ತೀರಿ? ಇನ್ನೊಮ್ಮೆ ಕೂಡಿಸುತ್ತೀರಿ. ಹುಟ್ಟಿದ ಆ 9 ಮಾಮೂಲಿ ಮರಿಗಳನ್ನು ಏನು ಮಾಡುತ್ತೀರಿ? ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ನಿಮ್ಮಲ್ಲಿ ಹಲವರು ಮೌನವಾಗುವುದನ್ನು ನೋಡಿದ್ದೇನೆ. ಅವುಗಳಲ್ಲಿ ಯಾವುದು ಬಣ್ಣದ ಗುಣವನ್ನು ಒಳಗೆ ಹೊತ್ತಿದೆ, ಯಾವುದು ಇಲ್ಲ ಎನ್ನುವುದು ನೋಡಿದರೆ ತಿಳಿಯುವುದಿಲ್ಲ. ಹೆಟ್, ಅಂದರೆ ಗುಣವನ್ನು ಒಳಗೆ ಹೊತ್ತದ್ದು ಇರಬಹುದು ಅಂತ ಹೇಳಿ ಮಾರುವುದು, ಅಗ್ಗಕ್ಕೆ ಯಾರಿಗಾದರೂ ದಾಟಿಸುವುದು, ಅಥವಾ ಹೊರಗೆ ಹೇಳಲಾಗದ ಮೂರನೆಯ ದಾರಿ. ಹದಿನಾರರಲ್ಲಿ ಒಂದಕ್ಕಾಗಿ ಹದಿನೈದನ್ನು ಹುಟ್ಟಿಸುವ ಕೆಲಸ ಇದು.

ಇನ್ನೊಂದು ಮೂಲೆಯೂ ಇದೆ. ಇಂಥ ಅಪ್ರಬಲ ಗುಣದ ಹೊಸ ಬಣ್ಣ ಮೊದಲು ಕಾಣಿಸಿಕೊಳ್ಳುವುದು ಎಲ್ಲೋ ಒಂದು ಹಾವಿನಲ್ಲಿ. ಅದನ್ನು ಸಂಬಂಧವಿಲ್ಲದ ಹಾವಿನ ಜೊತೆ ಕೂಡಿಸಿದರೆ ಮೊದಲ ತಲೆಮಾರಿನ ಮರಿಗಳಲ್ಲಿ ಆ ಬಣ್ಣ ಕಾಣುವುದೇ ಇಲ್ಲ. ಕಾಣಬೇಕೆಂದರೆ ಮಗಳನ್ನು ಅಪ್ಪನ ಜೊತೆ, ಇಲ್ಲವೇ ಒಡಹುಟ್ಟಿದವನ್ನು ಒಂದಕ್ಕೊಂದು ಕೂಡಿಸಬೇಕು. ಅಂಥ ಜೋಡಿಗೆ ಹುಟ್ಟಿದ ಮರಿಯಲ್ಲಿ ಯಾವುದೇ ಜೀನಿನ ಎರಡೂ ಪ್ರತಿಗಳು ಒಂದೇ ಮೂಲದಿಂದ ಬಂದಿರುವ ಸಾಧ್ಯತೆ ನೂರಕ್ಕೆ 25. ನಿಮಗೆ ಬೇಕಾದ ಬಣ್ಣದ ಜೀನಿಗೆ ಅನ್ವಯಿಸುವ ಈ ಲೆಕ್ಕ ಅದರ ಪಕ್ಕದಲ್ಲಿ ಅವಿತಿರುವ ರೋಗದ ಜೀನಿಗೂ ಅಷ್ಟೇ ಅನ್ವಯಿಸುತ್ತದೆ. ನೀವು ಆರಿಸುವುದು ಬಣ್ಣವನ್ನು, ಮರಿಗೆ ಸಿಗುವುದು ಜೊತೆಗೆ ಬಂದದ್ದೆಲ್ಲ.

ಹೆದರಿಸಲು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಬಾಲ್ ಪೈಥಾನ್ ಹೆಬ್ಬಾವಿನ ಸ್ಪೈಡರ್ ಎಂಬ ಮಾರ್ಫನ್ನು ನೆನಪಿಸಿಕೊಳ್ಳಿ. ತೆಳುವಾದ ಕಪ್ಪು ಗೆರೆಗಳ ಬಲೆಯಂಥ ಚಿತ್ತಾರ, ನೋಡಲು ನಿಜಕ್ಕೂ ಚೆಂದ. ಆ ಹಾವು ತಲೆಯನ್ನು ನೇರವಾಗಿ ಹಿಡಿಯಲಾರದು. ಇಲಿಯ ಕಡೆ ಬಾಯಿ ಹಾಕಿದರೆ ಗುರಿ ತಪ್ಪುತ್ತದೆ, ಕುತ್ತಿಗೆ ತಿರುಚಿ ಮೇಲಕ್ಕೆ ನೋಡುತ್ತದೆ, ಬೋರಲು ಬಿದ್ದರೆ ಮತ್ತೆ ಮಗುಚಿಕೊಳ್ಳಲು ಒದ್ದಾಡುತ್ತದೆ. ಒಳಕಿವಿಯ ಸಮತೋಲನದ ಅಂಗವೇ ಅದರಲ್ಲಿ ವಿಕಾರವಾಗಿ ಬೆಳೆದಿರುತ್ತದೆ ಎನ್ನುವುದು ಸ್ಕ್ಯಾನ್ ಮಾಡಿ ನೋಡಿದಾಗ ತಿಳಿಯಿತು. ಆ ಚಿತ್ತಾರವೂ ಈ ಊನವೂ ಜೊತೆಜೊತೆಗೇ ಬರುತ್ತವೆ, ಬಿಡಿಸಲು ಯಾರಿಂದಲೂ ಆಗಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ವರ್ಷಗಟ್ಟಲೆ ಅದರ ಮರಿ ಮಾಡಿಸಿ ಮಾರಿದರು. 2018ರಲ್ಲಿ ಬ್ರಿಟನ್ನಿನ ಅಂತರರಾಷ್ಟ್ರೀಯ ಸರೀಸೃಪ ಸಂಘ ತನ್ನ ಮೇಳಗಳಲ್ಲಿ ಸ್ಪೈಡರ್ ಮಾರಾಟವನ್ನು ನಿಲ್ಲಿಸಿತು. ಸಾಕುವವರ ಸಂಘವೇ ಅದು, ಪ್ರಾಣಿದಯಾ ಸಂಘವಲ್ಲ. ಸ್ಯಾಂಡ್ ಬೋವಾದ ಬಣ್ಣಗಳಲ್ಲಿ ಇಂಥದ್ದು ಕಂಡಿಲ್ಲವಲ್ಲ ಎಂದು ನೀವು ಕೇಳುತ್ತೀರಿ. ಸರಿ. ಆದರೆ ಮಣ್ಣಿನೊಳಗೇ ಬದುಕುವ, ದಿನದ ಬಹುಪಾಲು ಅಲುಗಾಡದ ಹಾವಿನಲ್ಲಿ ಸಣ್ಣ ಊನವೊಂದಿದ್ದರೆ ಟಬ್ಬಿನ ಮುಚ್ಚಳ ತೆಗೆದು ನೋಡುವ ನಿಮಗೆ ಅದು ಹೇಗೆ ಗೊತ್ತಾಗುತ್ತದೆ?

ಮಣ್ಣುಹಾವಿನ ಬದುಕು ಹೇಗಿರುತ್ತದೆ ಎನ್ನುವುದನ್ನೂ ನೋಡಿ. ಮೂತಿ ಗುದ್ದಲಿಯ ಅಲಗಿನ ಹಾಗೆ ಚಪ್ಪಟೆ. ಕಣ್ಣು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ಅದೂ ತಲೆಯ ಮೇಲ್ಭಾಗಕ್ಕೆ ಸರಿದಿರುತ್ತದೆ. ಮೈಪೂರ್ತಿ ಮರಳಲ್ಲಿ ಹೂತು, ಮೂತಿ ಕಣ್ಣುಗಳಷ್ಟನ್ನೇ ಹೊರಗಿಟ್ಟು ಗಂಟೆಗಟ್ಟಲೆ ಕಾಯುತ್ತದೆ. ಹತ್ತಿರ ಬಂದ ಇಲಿಯನ್ನು ಹಿಡಿದು ಸುತ್ತಿ ಮರಳಿನೊಳಗೇ ಎಳೆದುಕೊಳ್ಳುತ್ತದೆ. ಇಂಥ ಪ್ರಾಣಿಗೆ ತನ್ನ ಬಣ್ಣ ಬೇಕಾಗಿರುವುದು ಕಾಣಿಸದೆ ಇರುವುದಕ್ಕೆ. ನಿಮ್ಮ ಮನೆಯ ಟಬ್ಬಿನಲ್ಲಿ ಹಾಸಿದ ಆಸ್ಪೆನ್ ಮರದ ಪುಡಿಯಡಿ ಮಲಗಿದ ಸ್ನೋ ಹಾವನ್ನು ನೀವೂ ನೋಡುವುದಿಲ್ಲ. ನೋಡಬೇಕೆಂದರೆ ಅಗೆದು ಹೊರಗೆಳೆಯಬೇಕು. ಫೋಟೊಗೆ ಎಳೆಯುತ್ತೀರಿ, ಗೆಳೆಯರು ಬಂದಾಗ ಎಳೆಯುತ್ತೀರಿ, ಕೊಳ್ಳುವವರಿಗೆ ವಿಡಿಯೊ ಕಳಿಸಲು ಎಳೆಯುತ್ತೀರಿ. ಅಗೆದು ಹೊರತೆಗೆಯುವುದು ಆ ಹಾವಿನ ಮಟ್ಟಿಗೆ ಬೇಟೆಗಾರ ಪ್ರಾಣಿ ಮೈಮೇಲೆ ಬಿದ್ದದ್ದಕ್ಕೆ ಸಮ.

ಇನ್ನು ಸಾಕಣೆಯ ಮಾತು. ಹಾವಿನ ಪೆಟ್ಟಿಗೆಯ ಒಂದು ಕಡೆ 32ರಿಂದ 35 ಡಿಗ್ರಿ, ಇನ್ನೊಂದು ಕಡೆ 26ರ ಸುಮಾರು ಇರಬೇಕು. ಡಿಸೆಂಬರಿನ ರಾತ್ರಿ ನಮ್ಮೂರು 15 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಹೀಟ್ ಮ್ಯಾಟ್‌ಗೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಹೊಟ್ಟೆ ಸುಟ್ಟುಕೊಂಡರೂ ಹಾವು ಅಲ್ಲೇ ಬಿದ್ದಿರುತ್ತದೆ. ಜೀವಂತ ಇಲಿ ಬಿಟ್ಟರೆ ಅದು ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ಹಾವಿನ ಚಿಕಿತ್ಸೆ ಬಲ್ಲ ಪಶುವೈದ್ಯರು ವಿರಳ. ಇವೆಲ್ಲ ನಿಮಗೆ ಗೊತ್ತಿದೆ, ಒಳ್ಳೆಯ ಸಾಕಣೆಗಾರರು ನಿಮ್ಮಲ್ಲಿದ್ದಾರೆ. ಆದರೆ ಈ ಹಾವು ಇಪ್ಪತ್ತು ವರ್ಷ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಹೆಚ್ಚು ಬದುಕುತ್ತದೆ. ಸರಸ್ವತಿಪುರಂನಲ್ಲಿ ಬಾಡಿಗೆ ಕೋಣೆ ಹಿಡಿದು ಮಾನಸಗಂಗೋತ್ರಿಗೆ ಹೋಗಿಬರುವ ವಿದ್ಯಾರ್ಥಿ ಎರಡು ವರ್ಷಕ್ಕೆ ಊರು ಬಿಡುತ್ತಾನೆ. ಆಮೇಲೆ ಪುಣೆ, ಹೈದರಾಬಾದ್, ಕೆಲವೊಮ್ಮೆ ದೇಶದ ಹೊರಗೆ. ಒಂದು ಹಾವಿಗೇ ಈ ಸಮಸ್ಯೆ. ಹದಿನಾರು ಮರಿಗಳಾದರೆ ಹದಿನಾರು ಮನೆಗಳಲ್ಲಿ ಇಪ್ಪತ್ತಿಪ್ಪತ್ತು ವರ್ಷಗಳ ಹೊಣೆ. ಅದನ್ನು ಹೊರುವ ಹದಿನಾರು ಜನ ನಿಮಗೆ ಗೊತ್ತೇ?

ಈಗ ಕಾನೂನಿನ ಮಾತು. ಇದರಲ್ಲಿ ನಿಮ್ಮ ನಡುವೆ ಬಹಳ ಗೊಂದಲವಿದೆ, ಮಾರುವವರು ಬೇಕಂತಲೇ ಅದನ್ನು ಹೆಚ್ಚಿಸಿದ್ದಾರೆ. ವಿದೇಶಿ ಪ್ರಾಣಿಗೆ ಭಾರತದ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುವ ಮಾತು ಒಂದು ಕಾಲಕ್ಕೆ ಹೆಚ್ಚುಕಡಿಮೆ ನಿಜವಾಗಿತ್ತು. ಜೂನ್ 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ ವಿದೇಶಿ ಪ್ರಾಣಿ ಇಟ್ಟುಕೊಂಡವರು ತಾವಾಗಿಯೇ ಘೋಷಿಸಿಕೊಳ್ಳಲಿ ಎಂದು ಆರು ತಿಂಗಳ ಅವಕಾಶ ಕೊಟ್ಟಿತು. ಆ ಅವಧಿಯಲ್ಲಿ ಘೋಷಿಸಿದವರಿಂದ ದಾಖಲೆ ಕೇಳಲಿಲ್ಲ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಮೇಲೆ ಚಿತ್ರವೇ ಬದಲಾಯಿತು. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಅನುಬಂಧಗಳಲ್ಲಿರುವ ಜೀವಿಗಳು ಈಗ ನಮ್ಮ ಕಾಯ್ದೆಯ ನಾಲ್ಕನೆಯ ಪರಿಚ್ಛೇದದೊಳಗೆ ಬಂದಿವೆ, ಸ್ಯಾಂಡ್ ಬೋವಾಗಳೂ ಅವುಗಳಲ್ಲಿ ಸೇರಿವೆ. 2024ರ ಫೆಬ್ರುವರಿ 28ರಂದು ಹೊರಬಿದ್ದ ನಿಯಮಗಳ ಪ್ರಕಾರ ಇಂಥ ಪ್ರಾಣಿಯನ್ನು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಬರೀ ಇಟ್ಟುಕೊಂಡಿರುವುದನ್ನಲ್ಲ, ಮರಿ ಹುಟ್ಟಿದರೂ ತಿಳಿಸಬೇಕು, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು, ಸತ್ತರೂ ತಿಳಿಸಬೇಕು. ಬಣ್ಣ ಯಾವುದಾದರೂ ಕಾಯ್ದೆಗೆ ಅದು ಒಂದೇ ಹಾವು. ಹಾಗಿರುವಾಗ ಕಾಗದಪತ್ರವಿಲ್ಲದೆ ಕೊರಿಯರ್ ಡಬ್ಬಿಯಲ್ಲಿ, ಬಸ್ಸಿನ ಪಾರ್ಸಲ್ಲಿನಲ್ಲಿ ಬರುವ ಮರಿ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ.

ಎಲ್ಲಿಂದ ಬರುತ್ತವೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. 2023ರ ಜನವರಿಯಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಪ್ರಾಣಿಗಳನ್ನು ಹಿಡಿದರು. ಆ ಜಾಡು ಹಿಡಿದು ಹೋದಾಗ ತೋಟದ ಮನೆಯೊಂದರಲ್ಲಿ ಅನಕೊಂಡ, ಇಗುವಾನ, ಬಾಲ್ ಪೈಥಾನ್ ಸೇರಿ 139 ಪ್ರಾಣಿಗಳು ಸಿಕ್ಕವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬಂದ ಬ್ಯಾಗುಗಳನ್ನು ಬೆಂಗಳೂರಿನ ಕಸ್ಟಮ್ಸ್ ಅಧಿಕಾರಿಗಳು ತೆರೆದಾಗ 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು, ಸತ್ತುಹೋಗಿದ್ದ 6 ಕಪುಚಿನ್ ಕೋತಿಗಳು ಇದ್ದವು. ಆ 55 ಹಾವುಗಳೂ ಬೇರೆಬೇರೆ ಬಣ್ಣದ ಮಾರ್ಫ್‌ಗಳು. 2024ರ ಏಪ್ರಿಲ್‌ನಲ್ಲಿ ಮತ್ತೆ ಬ್ಯಾಂಕಾಕಿನಿಂದ 10 ಹಳದಿ ಅನಕೊಂಡಗಳು. ಬಣ್ಣ ಕೇಳುವ ಗಿರಾಕಿ ಇಲ್ಲಿರುವುದರಿಂದ ಆ ಬ್ಯಾಗುಗಳು ಅಲ್ಲಿಂದ ಹೊರಡುತ್ತವೆ. ಆ ಆರು ಕೋತಿಗಳ ಚಿತ್ರ ಪತ್ರಿಕೆಗಳಲ್ಲಿ ಬಂದಾಗ ನಿಮ್ಮಲ್ಲಿ ಅನೇಕರಿಗೆ ಸಂಕಟವಾಗಿತ್ತು. ಅದೇ ಬ್ಯಾಗಿನಲ್ಲಿ ಬದುಕಿ ಬಂದ ಹಾವಿನ ಬಗೆಗೂ ಅದೇ ಸಂಕಟವಿರಲಿ.

ಇದಕ್ಕೆ ನಿಮ್ಮ ಉತ್ತರ ನನಗೆ ಗೊತ್ತು: ಅದಕ್ಕೇ ಸಾರ್ ನಾವೇ ಇಲ್ಲಿ ಮರಿ ಮಾಡಿಸಿದರೆ ಕಳ್ಳಸಾಗಣೆ ನಿಲ್ಲುತ್ತದೆ, ಕಾಡಿನ ಹಾವಿನ ಮೇಲೆ ಒತ್ತಡ ತಗ್ಗುತ್ತದೆ. ಈ ವಾದವನ್ನು ಹಗುರವಾಗಿ ತೆಗೆದುಕೊಳ್ಳುವವನಲ್ಲ ನಾನು. ಆದರೆ ಬಾಲ್ ಪೈಥಾನಿನ ಚರಿತ್ರೆ ಇದಕ್ಕೆ ಎದುರಾಗಿದೆ. ಮನೆಮನೆಗಳಲ್ಲಿ ಅಷ್ಟೊಂದು ಮರಿ ಮಾಡಿಸಿದ, ಅಷ್ಟೊಂದು ಮಾರ್ಫ್ ಇರುವ ಹಾವು ಇನ್ನೊಂದಿಲ್ಲ. ಆದರೂ ಟೋಗೊ, ಬೆನಿನ್, ಘಾನಾ ದೇಶಗಳಲ್ಲಿ ಬಸಿರು ಹೆಣ್ಣುಗಳನ್ನೂ ಮೊಟ್ಟೆಗಳನ್ನೂ ಕಾಡಿನಿಂದ ತಂದು ಮರಿ ಮಾಡಿ ಹೊರದೇಶಕ್ಕೆ ಕಳಿಸುವುದು ನಿಂತಿಲ್ಲ. ಹೊಸ ಬಣ್ಣ ಎಲ್ಲಿ ಸಿಕ್ಕೀತು ಎಂದು ಕಾಡಿನ ಹಾವುಗಳನ್ನೇ ಹುಡುಕುವ ಹೊಸ ಕಾರಣ ಅಲ್ಲಿ ಹುಟ್ಟಿಕೊಂಡಿತು. ವಿಚಿತ್ರ ಬಣ್ಣದ ಹಾವು ಕಾಡಿನಲ್ಲಿ ಕಂಡರೆ ಅದರ ತಲೆಗೆ ಬೆಲೆ ಬಿತ್ತು.

ನಾಯಿ, ಪಾರಿವಾಳ, ಗಪ್ಪಿ ಮೀನು ಇವನ್ನೆಲ್ಲ ಬಣ್ಣಕ್ಕೆ ಸಾಕುವುದಿಲ್ಲವೇ ಎನ್ನುತ್ತೀರಿ. ಸಾಕುತ್ತೇವೆ. ಮೂಗು ಚಪ್ಪಟೆ ಮಾಡಲು ಹೋಗಿ ಉಸಿರಾಡಲು ಕಷ್ಟಪಡುವ ಪಗ್ ನಾಯಿಯನ್ನೂ ಮಾಡಿಟ್ಟಿದ್ದೇವೆ. ಮಾಡಿದ್ದನ್ನೇ ಹಾವಿಗೂ ಮಾಡಬೇಕೆಂದಿಲ್ಲ.

ಇನ್ನು ನಮ್ಮ ಮಣ್ಣುಮುಕ್ಕನ ವಿಷಯ. ಕೀನ್ಯಾದ ಹಾವಿಗೂ ಇದಕ್ಕೂ ಏನು ಸಂಬಂಧ ಎಂದು ನಿಮಗನ್ನಿಸಬಹುದು. ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ.

ಮಣ್ಣುಮುಕ್ಕನ ಬಾಲ ಮೊಂಡು, ನೋಡಲು ತಲೆಯ ಹಾಗೇ. ಹೆದರಿದಾಗ ತಲೆಯನ್ನು ಸುರುಳಿಯೊಳಗೆ ಅಡಗಿಸಿ ಬಾಲವನ್ನು ಎತ್ತಿ ಆಡಿಸುತ್ತದೆ. ಶತ್ರು ಬಾಲಕ್ಕೆ ಬಾಯಿ ಹಾಕುತ್ತಾನೆ, ತಲೆ ಉಳಿಯುತ್ತದೆ. ಈ ಉಪಾಯಕ್ಕೆ ನಮ್ಮ ಜನ ಕಟ್ಟಿದ ಕತೆಗಳೆಷ್ಟು! ಆರು ತಿಂಗಳು ಆ ತಲೆ, ಆರು ತಿಂಗಳು ಈ ತಲೆ ಎಂದರು. ನೆಕ್ಕಿದರೆ ಕುಷ್ಠ ಬರುತ್ತದೆ ಎಂದರು. ಹಾವಾಡಿಗರು ಬಾಲದ ಮೇಲೆ ಕಣ್ಣು ಬಾಯಿ ಬರುವಂತೆ ಗಾಯ ಮಾಡಿ ತೋರಿಸುತ್ತಿದ್ದರು. ಈಚಿನ ಕತೆ ಎಲ್ಲಕ್ಕಿಂತ ಕೆಟ್ಟದ್ದು: ಮನೆಯಲ್ಲಿಟ್ಟರೆ ಐಶ್ವರ್ಯ ಬರುತ್ತದೆ, ಇಷ್ಟು ಕಿಲೋ ತೂಗಿದರೆ ಇಷ್ಟು ಲಕ್ಷ, ಇನ್ನೂ ತೂಗಿದರೆ ಕೋಟಿ. ಆ ಕೋಟಿ ಕೊಡುವವರು ಯಾರೂ ಇಲ್ಲ. ಒಬ್ಬ ಮೋಸಗಾರ ಇನ್ನೊಬ್ಬ ಆಸೆಬುರುಕನಿಗೆ ದಾಟಿಸುವ ಸರಪಳಿ ಅದು. ತೂಕ ಹೆಚ್ಚಿಸಲು ಹಾವಿನ ಬಾಯಿಗೆ ಉಕ್ಕಿನ ಗುಂಡು ತುರುಕಿದ ಸುದ್ದಿಗಳೂ ಬಂದಿವೆ. ವನ್ಯಜೀವಿ ಸಂರಕ್ಷಣಾ ಸೊಸೈಟಿಯ ಭಾರತ ಘಟಕ 2016ರಿಂದ 2021ರವರೆಗಿನ ಪತ್ರಿಕಾ ವರದಿಗಳನ್ನು ಒಟ್ಟುಮಾಡಿದಾಗ ಈ ಹಾವನ್ನು ವಶಪಡಿಸಿಕೊಂಡ 172 ಪ್ರಕರಣಗಳು ಸಿಕ್ಕವು. ಸಿಕ್ಕಿಬಿದ್ದು ಸುದ್ದಿಯಾದವಷ್ಟೇ ಇವು.

ನಮ್ಮ ರಸ್ತೆಯಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಕೆಡವಿ ಪಾಯ ತೆಗೆಯುತ್ತಿದ್ದಾಗ ಒಂದು ಮಣ್ಣುಮುಕ್ಕ ಹೊರಬಂತು. ಹೆಗ್ಗಣದ ಬಿಲವಿದ್ದ ಕಡೆ ಗುದ್ದಲಿ ಬಿದ್ದಿತ್ತು. ನಾನು ಹೋಗುವಷ್ಟರಲ್ಲಿ ಕೆಲಸ ನಿಂತಿತ್ತು, ಹತ್ತಾರು ಜನ ಸೇರಿದ್ದರು. ಯಾರೂ ಕೋಲು ಹಿಡಿದಿರಲಿಲ್ಲ. ಎಲ್ಲರ ಕೈಯಲ್ಲೂ ಫೋನು. ಒಬ್ಬ ಸಿಮೆಂಟ್ ಚೀಲಕ್ಕೆ ಹಾವನ್ನು ಹಾಕಿ ಗುಜರಿ ಅಂಗಡಿಯ ತಕ್ಕಡಿ ತರಿಸಲು ಹೇಳುತ್ತಿದ್ದ. ಇನ್ನೊಬ್ಬ ಫೋನಿನಲ್ಲಿ ನನಗೆ ತೋರಿಸಿದ, ಕಿತ್ತಳೆ ಬಣ್ಣದ ಹಾವಿನ ವಿಡಿಯೊ, ಕೆಳಗೆ ರೂಪಾಯಿಗಳಲ್ಲಿ ಬೆಲೆ. ‘ನೋಡಿ ಸಾರ್, ಇದೇ ಜಾತಿ. ಇದಕ್ಕೆ ಇಷ್ಟು ರೇಟು ಅಂದ್ರೆ ಅದಕ್ಕೆ ಎಷ್ಟಿರಬೇಡ.’ ಅದು ಕೀನ್ಯಾ ಸ್ಯಾಂಡ್ ಬೋವಾ. ನಿಮ್ಮಂಥ ಒಬ್ಬ ಹುಡುಗ ಹಾಕಿದ ವಿಡಿಯೊ. ಚೀಲದೊಳಗಿದ್ದ ಹಾವಿನ ಬಾಲದ ತುದಿಯಲ್ಲಿ ಹಳೆಯ ಗಾಯದ ಗುರುತು ಬೆಳ್ಳಗೆ ಎದ್ದು ಕಾಣುತ್ತಿತ್ತು. ಯಾವುದೋ ಮುಂಗುಸಿಯೋ ನಾಯಿಯೋ ತಲೆಯೆಂದು ಕಚ್ಚಿದ್ದು. ಹಾವು ಹಿಡಿಯುವವರಿಗೆ ಫೋನು ಮಾಡಿ, ಅವರು ಬರುವವರೆಗೆ ಚೀಲದ ಪಕ್ಕ ನಿಂತಿದ್ದೆ. ಅಷ್ಟು ಹೊತ್ತೂ ತೂಕದ ಮಾತೇ ನಡೆದಿತ್ತು.

ನಿಮ್ಮ ವಿಡಿಯೊ ನೋಡುವವರಿಗೆ ಎರಿಕ್ಸ್ ಜಾನಿಯೈ, ಎರಿಕ್ಸ್ ಕೊಲುಬ್ರಿನಸ್ ಎಂಬ ಭೇದವಿಲ್ಲ. ಮೊಂಡು ಬಾಲದ ಹಾವು ಮತ್ತು ಅದರ ಪಕ್ಕದಲ್ಲಿ ಒಂದು ಬೆಲೆ, ಅಷ್ಟೇ ಅವರಿಗೆ ಕಾಣುವುದು. ಎರಡು ತಲೆ ಹಾವಿಗೆ ಕೋಟಿ ಎಂಬ ಸುಳ್ಳು ಇಷ್ಟು ಬೇರುಬಿಟ್ಟಿರುವ ನಾಡಿನಲ್ಲಿ ಮಣ್ಣುಹಾವಿಗೆ ಬಣ್ಣದ ಲೆಕ್ಕದಲ್ಲಿ ಬೆಲೆ ಕಟ್ಟುವುದು ಆ ಸುಳ್ಳಿಗೆ ಸಾಕ್ಷಿ ಒದಗಿಸಿದಂತೆ. ಜರ್ಮನಿಯಲ್ಲೋ ಅಮೆರಿಕದಲ್ಲೋ ಕೂತು ಮಾಡುವವರಿಗೆ ಈ ಭಾರವಿಲ್ಲ. ನಿಮಗಿದೆ, ಯಾಕೆಂದರೆ ನಿಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಮಣ್ಣುಮುಕ್ಕ ಬದುಕಿದೆ.

ಇನ್ನೊಂದು ಅಪಾಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಸಾಕಲಾಗದಿದ್ದರೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಚಾಮುಂಡಿ ಬೆಟ್ಟದ ತಪ್ಪಲಲ್ಲೋ ಬಿಟ್ಟರಾಯಿತು ಎಂದು ಯಾರೋ ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ. ಹಾಗೆ ಮಾಡಬೇಡಿ. ಬೋವಾ, ಹೆಬ್ಬಾವುಗಳಲ್ಲಿ ಇನ್‌ಕ್ಲೂಷನ್ ಬಾಡಿ ರೋಗ ಎಂಬ ವೈರಸ್ ಕಾಯಿಲೆಯಿದೆ. ಅದನ್ನು ಹೊತ್ತ ಹಾವು ವರ್ಷಗಟ್ಟಲೆ ಆರೋಗ್ಯವಾಗಿಯೇ ಕಾಣಬಹುದು, ಹೊರಗೆ ಬಿಟ್ಟರೆ ಇಲ್ಲಿನ ಹಾವುಗಳಿಗೆ ಅದನ್ನು ದಾಟಿಸಬಹುದು. ಬಿಟ್ಟ ಪ್ರಾಣಿ ಇಲ್ಲೇ ನೆಲೆಯೂರುವ ಅಪಾಯವೂ ಇದೆ. ಅಕ್ವೇರಿಯಂನಿಂದ ಹೊರಬಿದ್ದ ಕೆಂಪು ಕಿವಿಯ ಆಮೆಗಳು ನಮ್ಮ ರಾಜ್ಯದ ಕೆರೆಗಳನ್ನು ಸೇರಿಕೊಂಡದ್ದನ್ನು ನೀವೇ ನೋಡಿದ್ದೀರಿ.

ಹಾಗಾದರೆ ಹಾವಿನ ಮೇಲಿನ ಈ ಪ್ರೀತಿಯನ್ನು ಏನು ಮಾಡಬೇಕು? ನಿಮಗೆ ಬೇಕಾದದ್ದು ಬಣ್ಣವೇ ಆದರೆ ಮಣ್ಣುಮುಕ್ಕನ ಮರಿಯನ್ನು ನೋಡಿ. ಹುಟ್ಟುವಾಗ ಮೈಯೆಲ್ಲ ಕೆಂಪು ಕಿತ್ತಳೆ, ಬಾಲದ ಕಡೆ ಕಪ್ಪು ಬಳೆಗಳು. ಬೆಳೆಯುತ್ತಾ ಆ ಬಳೆಗಳು ಮಾಸಿ, ಮೈ ಕಂದಾಗಿ, ಕೆಲವುಗಳಲ್ಲಿ ಕಪ್ಪಿಗೆ ಹತ್ತಿರವಾಗುತ್ತದೆ. ಯಾವ ವಯಸ್ಸಿಗೆ, ಯಾವ ಮಣ್ಣಿನಲ್ಲಿ, ಎಷ್ಟು ಬದಲಾಗುತ್ತದೆ ಎನ್ನುವುದನ್ನು ನಮ್ಮ ಜಿಲ್ಲೆಯ ಮಟ್ಟಿಗೆ ಫೋಟೊ ಸಮೇತ ದಾಖಲಿಸಿ. ಊರಲ್ಲಿ ಹಾವು ಹಿಡಿದು ಬಿಡುವವರ ಜೊತೆ ಹೋದರೆ ಹಾವನ್ನು ಮುಟ್ಟದೆಯೇ ಈ ಕೆಲಸ ಆಗುತ್ತದೆ. ಹಾವು ಹಿಡಿದು ಕಾಡಿಗೆ ಬಿಡುವುದನ್ನೇ ಬದುಕಾಗಿಸಿಕೊಂಡ ಸ್ನೇಕ್ ಶ್ಯಾಮ್ ಅವರನ್ನು ಪಾಲಿಕೆಯ ಸದಸ್ಯರನ್ನಾಗಿ ಆರಿಸಿದ ಊರು ಇದು. ಇಂಥ ಊರಿನಲ್ಲಿ ಕಲಿಸುವವರಿಗೆ ಕೊರತೆಯಿಲ್ಲ. 1892ರಲ್ಲಿ ಶುರುವಾದ ಚಾಮರಾಜೇಂದ್ರ ಮೃಗಾಲಯ ನಡೆದು ಹೋಗುವಷ್ಟು ದೂರದಲ್ಲಿದೆ. ಅಲ್ಲಿ ಯೂತ್ ಕ್ಲಬ್ ಇದೆ, ಪ್ರಾಣಿ ದತ್ತು ಯೋಜನೆಯಿದೆ. ಮಾರ್ಫ್ ಒಂದಕ್ಕೆ ಕೂಡಿಟ್ಟ ದುಡ್ಡಿನಲ್ಲಿ ಅಲ್ಲಿನ ಹಾವೊಂದರ ಖರ್ಚನ್ನು ನೋಡಿಕೊಳ್ಳಬಹುದು.

ಈಗಾಗಲೇ ಹಾವು ಮನೆಯಲ್ಲಿರುವವರಿಗೆ ನನ್ನ ಕೋರಿಕೆ ಬೇರೆ. ಅದನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಸರಿಯಾಗಿ ನೋಂದಾಯಿಸಿದ ಒಂದು ಹಾವನ್ನು ಅದರ ಆಯಸ್ಸು ಮುಗಿಯುವವರೆಗೆ ಚೆನ್ನಾಗಿ ನೋಡಿಕೊಳ್ಳುವುದು ಗೌರವದ ಕೆಲಸ. ಗಂಡು ಹೆಣ್ಣು ಒಂದೇ ಪೆಟ್ಟಿಗೆಯಲ್ಲಿದ್ದರೆ ಇವತ್ತೇ ಬೇರೆ ಮಾಡಿ. ಬೆಲೆ ನಮೂದಿಸಿದ ವಿಡಿಯೊಗಳನ್ನು ತೆಗೆದುಹಾಕಿ. ನೋಂದಣಿ ಆಗಿಲ್ಲದಿದ್ದರೆ, ದಾಖಲೆ ಸರಿಯಿಲ್ಲದಿದ್ದರೆ ಅಡಗಿಸಿಡಬೇಡಿ, ಯಾರಿಗೋ ದಾಟಿಸಬೇಡಿ. ಅಶೋಕಪುರಂನಲ್ಲಿ ಅರಣ್ಯ ಭವನವಿದೆ. ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಒಬ್ಬರೇ ಹೋಗಲು ಅಂಜಿಕೆಯಾದರೆ ನನ್ನನ್ನು ಕರೆಯಿರಿ, ಜೊತೆಗೆ ಬರುತ್ತೇನೆ.

ಇತಿ ನಿಮ್ಮ,
ಸರಸ್ವತಿಪುರಂನ ನಿವೃತ್ತ ಜೀವಶಾಸ್ತ್ರ ಮೇಷ್ಟರು